ಬಿಇ, ಬಿಸಿಎ, ಬಿಎಸ್ಸಿ: ಕಂಪ್ಯೂಟರ್ ಸೈನ್ಸ್ ಓದಲು ಯಾವ ದಾರಿ ಹಿಡಿಯಬೇಕು?

ಪಿಯುಸಿ ಮುಗಿದಿದೆ, ಮಗಳಿಗೆ ಕಂಪ್ಯೂಟರ್ ಸೈನ್ಸ್ ಬೇಕಂತೆ. ಇಲ್ಲಿಯವರೆಗೆ ಮನೆಯಲ್ಲಿ ಎಲ್ಲರೂ ಒಪ್ಪುತ್ತಾರೆ. ಜಗಳ ಶುರುವಾಗುವುದು ಆಮೇಲೆ. ಬಿಇ ಬಿಟ್ಟು ಬೇರೆ ಏನು ಮಾಡಿದರೂ ಟೈಮ್ ವೇಸ್ಟ್ ಅನ್ನುತ್ತಾರೆ ಸೋದರಮಾವ. ಪಕ್ಕದ ಮನೆಯ ಹುಡುಗ ಬಿಸಿಎ ಮಾಡಿಯೇ ಕೆಲಸಕ್ಕೆ ಸೇರಿದ ಅನ್ನುತ್ತಾಳೆ ಅಮ್ಮ. ಎಐ ಬ್ರಾಂಚ್ ತಗೊಳ್ಳಿ, ಮುಂದೆ ಅದೇ ನಡೆಯೋದು ಅಂತ ಯಾವುದೋ ಕಾಲೇಜಿನ ಕೌನ್ಸೆಲರ್ ದಿನಕ್ಕೆರಡು ಸಲ ಫೋನ್ ಮಾಡುತ್ತಾರೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಡಿಗ್ರಿಯ ಹೆಸರನ್ನು ಆಮೇಲೆ ನೋಡಿ. ಅದಕ್ಕೆ ಮನೆಯವರು ಎಷ್ಟು ಸಾಲ ಮಾಡಬೇಕು, ಅದನ್ನು ಓದಿದ ಮೇಲೆ ಯಾವ ಯಾವ ಕಡೆ ಅರ್ಜಿ ಹಾಕಲು ಆಗುವುದಿಲ್ಲ, ಈ ಎರಡನ್ನು ಮೊದಲು ನೋಡಿ. ರಾಜ್ಯದ ಪ್ರವೇಶ ಪರೀಕ್ಷೆಯಾದ ಕೆಸಿಇಟಿಯಲ್ಲಿ ಒಂದು ಒಳ್ಳೆಯ ಕಾಲೇಜಿನ ಬಿಇ ಸೀಟು ಸಿಕ್ಕರೆ ಹೆಚ್ಚು ಯೋಚನೆ ಮಾಡಬೇಡಿ, ಸೇರಿ. ಸಿಗದಿದ್ದರೆ, ಹತ್ತಾರು ಲಕ್ಷ ಕೊಟ್ಟು ಮ್ಯಾನೇಜ್‌ಮೆಂಟ್ ಸೀಟು ಕೊಳ್ಳುವುದಕ್ಕಿಂತ ಬಿಸಿಎ ಅಥವಾ ಬಿಎಸ್ಸಿ ಮಾಡಿ ಎಂಸಿಎಗೆ (ಕಂಪ್ಯೂಟರ್ ಅಪ್ಲಿಕೇಶನ್ಸ್‌ನ ಸ್ನಾತಕೋತ್ತರ ಪದವಿ) ಹೋಗುವುದು ಎಷ್ಟೋ ಮನೆಗಳಿಗೆ ಒಳ್ಳೆಯದು. ಯಾಕೆ ಅಂತ ಒಂದೊಂದಾಗಿ ನೋಡೋಣ.

ಬಿಇ: ನಾಲ್ಕು ವರ್ಷ, ಎಂಟು ಸೆಮಿಸ್ಟರ್

ಕರ್ನಾಟಕದ ಹೆಚ್ಚಿನ ಎಂಜಿನಿಯರಿಂಗ್ ಕಾಲೇಜುಗಳು ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ, ಅಂದರೆ 1998ರಲ್ಲಿ ಶುರುವಾದ ವಿಟಿಯುಗೆ ಸೇರಿವೆ. ಸೀಟು ಸಿಗುವುದು ಮುಖ್ಯವಾಗಿ ಮೂರು ಕಡೆಯಿಂದ: ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ನಡೆಸುವ ಕೆಸಿಇಟಿ, ಖಾಸಗಿ ಕಾಲೇಜುಗಳ ಪ್ರವೇಶ ಪರೀಕ್ಷೆ ಕಾಮೆಡ್‌ಕೆ, ಮತ್ತೆ ಮ್ಯಾನೇಜ್‌ಮೆಂಟ್ ಕೋಟಾ.

ಕೆಸಿಇಟಿಯಲ್ಲಿ ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್ ತಲಾ 60 ಪ್ರಶ್ನೆ, ತಲಾ 60 ಅಂಕ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಹಾಗಾಗಿ ಒಂದು ಪ್ರಶ್ನೆಯನ್ನೂ ಖಾಲಿ ಬಿಟ್ಟು ಬರಬಾರದು. ಎಂಜಿನಿಯರಿಂಗ್ ರ‍್ಯಾಂಕಿಗೆ ಸಿಇಟಿಯ ಅರ್ಧ, ದ್ವಿತೀಯ ಪಿಯುಸಿಯ ಈ ಮೂರು ವಿಷಯಗಳ ಅಂಕದ ಅರ್ಧ ಸೇರುತ್ತದೆ. ಬೋರ್ಡ್ ಪರೀಕ್ಷೆಯನ್ನು ಪಾಸಾದರೆ ಸಾಕು ಅಂತ ಬಿಟ್ಟು ಬರೀ ಕೋಚಿಂಗ್ ಹಿಂದೆ ಓಡಿದವರು ಇಲ್ಲೇ ಹಿಂದೆ ಬೀಳುವುದು. ಕಾಮೆಡ್‌ಕೆಯಲ್ಲಿ ಹಾಗಲ್ಲ, ಪಿಯುಸಿ ಅಂಕ ಅರ್ಹತೆಗೆ ಮಾತ್ರ. ರ‍್ಯಾಂಕು ಪೂರ್ತಿ ಆ ಪರೀಕ್ಷೆಯ ಮೇಲೆಯೇ.

ಫೀಸಿನ ವಿಷಯಕ್ಕೆ ಬಂದರೆ, ಖಾಸಗಿ ಕಾಲೇಜಿನಲ್ಲಿ ಸರ್ಕಾರಿ ಕೋಟಾದ ಸೀಟಿಗೆ ವರ್ಷಕ್ಕೆ ಲಕ್ಷದ ಆಸುಪಾಸು ಆಗುತ್ತದೆ. ಸರ್ಕಾರಿ ಕಾಲೇಜಿನಲ್ಲಿ ಅದಕ್ಕಿಂತ ಎಷ್ಟೋ ಕಡಿಮೆ. ಅದೇ ಖಾಸಗಿ ಕಾಲೇಜು, ಅದೇ ಕ್ಲಾಸು, ಅದೇ ಮೇಷ್ಟ್ರು, ಆದರೆ ಕಾಮೆಡ್‌ಕೆ ಮೂಲಕ ಬಂದವರು ಅದರ ಎರಡು ಪಟ್ಟು ಅಥವಾ ಇನ್ನೂ ಜಾಸ್ತಿ ಕಟ್ಟುತ್ತಾರೆ. ಮ್ಯಾನೇಜ್‌ಮೆಂಟ್ ಸೀಟಿನ ಲೆಕ್ಕವನ್ನು ಕಾಲೇಜಿನವರೇ ಫೋನಿನಲ್ಲಿ ಹೇಳಲು ಹಿಂಜರಿಯುತ್ತಾರೆ, ‘ಬನ್ನಿ ಸರ್, ಕೂತು ಮಾತಾಡೋಣ’ ಅನ್ನುತ್ತಾರೆ.

ಕೂತು ಮಾತಾಡುವ ಮುಂಚೆ ಮನೆಯಲ್ಲೇ ಒಂದು ಲೆಕ್ಕ ಹಾಕಿ. 10 ಲಕ್ಷ ಸಾಲ, ಬಡ್ಡಿ ಶೇ 10, ತೀರಿಸಲು ಏಳು ವರ್ಷ ಅಂದರೆ ತಿಂಗಳ ಕಂತು ಸುಮಾರು 16,600 ರೂಪಾಯಿ. ಓದುವ ನಾಲ್ಕು ವರ್ಷಗಳ ಬಡ್ಡಿಯನ್ನು ಇದಕ್ಕೆ ಸೇರಿಸಿಲ್ಲ. ದೊಡ್ಡ ಸರ್ವೀಸ್ ಕಂಪನಿಗಳು ಹೊಸಬರಿಗೆ ಕೊಡುವ ಸಾಮಾನ್ಯ ಸಂಬಳ ಬಹಳ ವರ್ಷಗಳಿಂದ ವರ್ಷಕ್ಕೆ ಮೂರೂವರೆ ಲಕ್ಷದ ಹತ್ತಿರವೇ ನಿಂತಿದೆ. ಬೆಂಗಳೂರಿನ ಪಿಜಿ ಬಾಡಿಗೆ, ಊಟ, ಬಸ್ಸು ಕಳೆದ ಮೇಲೆ ಆ ಕಂತು ಎಲ್ಲಿಂದ ಬರಬೇಕು? ಕಟ್ಟುವವರು ಮತ್ತೆ ಅಪ್ಪನೇ. ಹಾಗಾಗಿ ಮಧ್ಯಮ ದರ್ಜೆಯ ಕಾಲೇಜಿಗೆ ಅಷ್ಟು ದುಡ್ಡು ಸುರಿಯುವುದನ್ನು ನಾನು ಯಾರಿಗೂ ಹೇಳುವುದಿಲ್ಲ. ದುಡ್ಡು ಕೈಯಲ್ಲೇ ಇದ್ದವರ ಮಾತು ಬೇರೆ.

ಬಿಇಯ ನಿಜವಾದ ಲಾಭ ಎರಡು. ಒಂದು, ಗಣಿತ, ಡೇಟಾ ಸ್ಟ್ರಕ್ಚರ್ಸ್, ಆಪರೇಟಿಂಗ್ ಸಿಸ್ಟಮ್ಸ್, ಅಲ್ಗಾರಿದಮ್ಸ್, ಡಿಬಿಎಂಎಸ್, ನೆಟ್‌ವರ್ಕ್ಸ್, ಥಿಯರಿ ಆಫ್ ಕಂಪ್ಯುಟೇಶನ್ ಎಲ್ಲವನ್ನೂ ಮುಟ್ಟಲೇಬೇಕು. ಇನ್ನೊಂದು, ಮುಂದೆ ಎಲ್ಲಿಗೆ ಅರ್ಜಿ ಹಾಕಿದರೂ ‘ನಿಮ್ಮ ಡಿಗ್ರಿ ನಡೆಯಲ್ಲ’ ಅಂತ ಯಾರೂ ಹೇಳುವುದಿಲ್ಲ. ಗೇಟ್ ಅನ್ನುವ ರಾಷ್ಟ್ರಮಟ್ಟದ ಪರೀಕ್ಷೆ ಬರೆದು ಎಂಟೆಕ್, ಗೇಟ್ ಅಂಕದ ಮೇಲೆ ಸಾರ್ವಜನಿಕ ಉದ್ದಿಮೆಗಳ ಕೆಲಸ, ಅಮೆರಿಕದಲ್ಲಿ ಎಂಎಸ್, ಎಲ್ಲಕ್ಕೂ ನಡೆಯುತ್ತದೆ.

ಕಷ್ಟವೂ ಇದೆ. ಕಂಪ್ಯೂಟರ್ ಅಂದುಕೊಂಡು ಬಂದ ಮಕ್ಕಳಿಗೆ ಮೊದಲ ವರ್ಷ ಸಿಗುವುದು ಫಿಸಿಕ್ಸ್ ಸೈಕಲ್, ಕೆಮಿಸ್ಟ್ರಿ ಸೈಕಲ್, ಅಂದರೆ ಮೂಲ ವಿಜ್ಞಾನದ ವಿಷಯಗಳ ಒಂದೊಂದು ಸೆಮಿಸ್ಟರ್. ಕೋಡಿಂಗ್ ಇರುವುದು ಸ್ವಲ್ಪ, ಅಷ್ಟೇ. ಮೂರನೇ ಸೆಮಿಸ್ಟರಿನಿಂದ ನಿಜವಾದ ಕಂಪ್ಯೂಟರ್ ಸೈನ್ಸ್ ಶುರು. ಅಷ್ಟರಲ್ಲಿ ಗಣಿತದಲ್ಲಿ ಒಂದೆರಡು ಬ್ಯಾಕ್ (ಪಾಸಾಗದ ವಿಷಯ) ಉಳಿಸಿಕೊಂಡವರು ಕ್ಯಾಂಪಸ್‌ಗೆ ಕಂಪನಿ ಬರುವ ಹೊತ್ತಿಗೆ ಪರದಾಡುತ್ತಾರೆ. ಎಸ್ಸೆಸ್ಸೆಲ್ಸಿಯಿಂದ ಇಲ್ಲಿಯವರೆಗೂ ಶೇ 60, ಬ್ಯಾಕ್ ಇರಬಾರದು ಅನ್ನೋದು ಎಷ್ಟೋ ಕಂಪನಿಗಳ ಮೊದಲ ಷರತ್ತು. ಪಿಯುಸಿಯಲ್ಲಿ ಗಣಿತ ಅಂದರೆ ಹೊಟ್ಟೆನೋವು ಬರುತ್ತಿದ್ದವರು ಇದನ್ನು ಯೋಚಿಸಿಯೇ ಸೇರಬೇಕು.

ಸಿಎಸ್, ಐಎಸ್, ಎಐಎಂಎಲ್: ಯಾವ ಬ್ರಾಂಚ್?

ಇದಕ್ಕೆ ಮನೆಗಳಲ್ಲಿ ಬೇಕಿಲ್ಲದಷ್ಟು ತಲೆ ಕೆಡಿಸಿಕೊಳ್ಳುತ್ತಾರೆ. ವಿಟಿಯು ಸಿಲಬಸ್ ತೆಗೆದು ಸಿಎಸ್ಇ (ಕಂಪ್ಯೂಟರ್ ಸೈನ್ಸ್) ಮತ್ತು ಐಎಸ್ಇ (ಇನ್ಫರ್ಮೇಶನ್ ಸೈನ್ಸ್) ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಿ. ಮೂರನೇ, ನಾಲ್ಕನೇ ಸೆಮಿಸ್ಟರಿನ ಮುಖ್ಯ ವಿಷಯಗಳು ಹೆಚ್ಚುಕಡಿಮೆ ಅವೇ. ಎಐಎಂಎಲ್ (ಎಐ ಮತ್ತು ಮಷೀನ್ ಲರ್ನಿಂಗ್), ಡೇಟಾ ಸೈನ್ಸ್, ಸೈಬರ್ ಸೆಕ್ಯುರಿಟಿ ಅಂತ ಹೊಸ ಹೆಸರಿನ ಬ್ರಾಂಚುಗಳಲ್ಲೂ ಬುನಾದಿ ಅದೇ. ಕೊನೆಯ ಒಂದೂವರೆ ವರ್ಷದ ಕೆಲವು ವಿಷಯಗಳು ಮಾತ್ರ ಬೇರೆ. ಸಿಎಸ್ಇ ಓದುವವರೂ ಮಷೀನ್ ಲರ್ನಿಂಗ್ ಓದಿಯೇ ಓದುತ್ತಾರೆ.

ಹಾಗಾಗಿ ಒಳ್ಳೆಯ ಕಾಲೇಜಿನ ಐಎಸ್ಇಯನ್ನು ಬಿಟ್ಟು ಸಾಧಾರಣ ಕಾಲೇಜಿನ ಎಐಎಂಎಲ್‌ಗೆ ಹೋಗಬೇಡಿ. ಕಂಪ್ಯೂಟರ್ ಗುಂಪಿನ ಒಳಗೆ ಮೊದಲು ಕಾಲೇಜು, ಆಮೇಲೆ ಬ್ರಾಂಚು. ಒಂದೇ ಕಾಲೇಜಿನಲ್ಲಿ ಎರಡೂ ಸಿಗುತ್ತವೆ ಅಂದರೆ ನಾನು ಸಿಎಸ್ಇ ಅಂತಲೇ ಹೇಳುತ್ತೇನೆ. ಸರ್ಕಾರಿ ನೇಮಕಾತಿಯ ಅರ್ಜಿಗಳಲ್ಲಿ ಕೆಲವೊಮ್ಮೆ ಡಿಗ್ರಿಯ ಹೆಸರನ್ನೇ ಹಿಡಿದು ನೋಡುತ್ತಾರೆ. ‘ನನ್ನದೂ ಅದಕ್ಕೆ ಸಮಾನ’ ಅಂತ ಪತ್ರ ಹಿಡಿದು ಓಡಾಡುವ ಕೆಲಸ ಸಿಎಸ್ಇಯವರಿಗೆ ತಪ್ಪುತ್ತದೆ.

ಇನ್ನು ಇಸಿ, ಅಂದರೆ ಎಲೆಕ್ಟ್ರಾನಿಕ್ಸ್ ಬ್ರಾಂಚ್. ಸಿಎಸ್ ಸಿಗದವರು ಅದನ್ನು ಸಮಾಧಾನದ ಬಹುಮಾನದ ಹಾಗೆ ನೋಡುತ್ತಾರೆ. ಅದು ತಪ್ಪು. ಒಳ್ಳೆಯ ಕಾಲೇಜಿನ ಇಸಿ ಓದಿದವರು ಸಾಫ್ಟ್‌ವೇರಿಗೂ ಹೋಗುತ್ತಾರೆ, ಚಿಪ್ ವಿನ್ಯಾಸಕ್ಕೂ ಹೋಗುತ್ತಾರೆ. ಬೆಂಗಳೂರಿನಲ್ಲಿ ಎರಡಕ್ಕೂ ಕೆಲಸ ಇದೆ. ಆದರೆ ಸರ್ಕ್ಯೂಟ್ ಕಂಡರೆ ಆಗದವರಿಗೆ ಇದು ನಾಲ್ಕು ವರ್ಷದ ಶಿಕ್ಷೆ.

ಬಿಸಿಎ: ಬೇಗ ಕೋಡಿಂಗ್, ಕಡಿಮೆ ಖರ್ಚು

ಬಿಸಿಎ ಮೂರು ವರ್ಷ. ನಡುವೆ ಇದರಲ್ಲೂ ಗೊಂದಲ ಆಗಿತ್ತು. 2021ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿ ಅಂತ ನಾಲ್ಕು ವರ್ಷದ ಆನರ್ಸ್ ತಂದರು. 2024ರಲ್ಲಿ ರಾಜ್ಯ ಶಿಕ್ಷಣ ನೀತಿ ಆಯೋಗದ ಮಧ್ಯಂತರ ವರದಿಯ ಮೇಲೆ ಸರ್ಕಾರ ಮತ್ತೆ ಮೂರು ವರ್ಷಕ್ಕೆ ಬಂತು. ಅದೇ ವರ್ಷ ದೇಶದ ತಾಂತ್ರಿಕ ಶಿಕ್ಷಣದ ಮಂಡಳಿಯಾದ ಎಐಸಿಟಿಇ ಬಿಸಿಎಯನ್ನು ತನ್ನ ವ್ಯಾಪ್ತಿಗೆ ತಗೊಂಡಿತು. ಹಾಗಾಗಿ ಸೇರುವ ಕಾಲೇಜಿನ ಬಿಸಿಎಗೆ ಎಐಸಿಟಿಇ ಅನುಮೋದನೆ ಇದೆಯಾ ಅಂತ ಕೇಳುವುದು ಈಗ ಸರಿಯಾದ ಪ್ರಶ್ನೆ.

ಇದರ ದೊಡ್ಡ ಅನುಕೂಲ, ಸೈನ್ಸ್ ಓದದವರಿಗೂ ಜಾಗ ಇದೆ. ಪಿಯುಸಿಯಲ್ಲಿ ಸೆಬಾ (ಕಂಪ್ಯೂಟರ್ ಸೈನ್ಸ್, ಎಕನಾಮಿಕ್ಸ್, ಬಿಸಿನೆಸ್ ಸ್ಟಡೀಸ್, ಅಕೌಂಟೆನ್ಸಿ) ತಗೊಂಡು ಕಂಪ್ಯೂಟರ್ ರುಚಿ ಹತ್ತಿದ ಕಾಮರ್ಸ್ ಮಕ್ಕಳು ಇಲ್ಲಿ ತುಂಬಾ. ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಾದರೆ ವರ್ಷದ ಫೀಸು ಸಾವಿರಗಳಲ್ಲೇ ಮುಗಿಯುತ್ತದೆ. ತಾಲ್ಲೂಕಿನಲ್ಲೇ ಕಾಲೇಜಿದ್ದರೆ ಹಾಸ್ಟೆಲ್ ಖರ್ಚೂ ಇಲ್ಲ. ಮೊದಲ ಸೆಮಿಸ್ಟರಿನಿಂದಲೇ ಪ್ರೋಗ್ರಾಮಿಂಗ್ ಲ್ಯಾಬ್ ಇರುತ್ತದೆ. ಕೆಮಿಸ್ಟ್ರಿ ಸೈಕಲ್ ಅನ್ನೋ ಕಾಟ ಇಲ್ಲ.

ಆದರೆ ಬಿಸಿಎಯಷ್ಟು ಕಾಲೇಜಿನಿಂದ ಕಾಲೇಜಿಗೆ ಬದಲಾಗುವ ಡಿಗ್ರಿ ಇನ್ನೊಂದಿಲ್ಲ. ಒಂದು ಕಡೆ ಮೇಷ್ಟ್ರು ಮಕ್ಕಳ ಪಕ್ಕ ಕೂತು ಪ್ರಾಜೆಕ್ಟ್ ಮಾಡಿಸುತ್ತಾರೆ. ಇನ್ನೊಂದು ಕಡೆ ಲ್ಯಾಬಿನ ಅರ್ಧ ಕಂಪ್ಯೂಟರ್ ಆನ್ ಆಗುವುದಿಲ್ಲ, ಅತಿಥಿ ಉಪನ್ಯಾಸಕರ ನೇಮಕ ಆಗುವಷ್ಟರಲ್ಲಿ ಅರ್ಧ ಸೆಮಿಸ್ಟರ್ ಕಳೆದಿರುತ್ತದೆ. ಸೇರುವ ಮುಂಚೆ ಕೆಲಸದ ದಿನ ಕಾಲೇಜಿಗೆ ಹೋಗಿ, ಎರಡನೇ ವರ್ಷದ ಹುಡುಗರನ್ನು ಮಾತಾಡಿಸಿ. ‘ಲ್ಯಾಬ್ ವಾರಕ್ಕೆ ಎಷ್ಟು ಗಂಟೆ ನಿಜವಾಗಿ ನಡೆಯುತ್ತೆ?’ ಅಂತ ಕೇಳಿ. ಅವರು ನಕ್ಕರೆ ಉತ್ತರ ಸಿಕ್ಕಿತು.

ಕೆಲಸದ ವಿಷಯ. ಬಿಸಿಎ, ಬಿಎಸ್ಸಿ ಮುಗಿಸಿದವರನ್ನೇ ಹುಡುಕಿ ತಗೊಳ್ಳುವ ಯೋಜನೆಗಳು ದೊಡ್ಡ ಕಂಪನಿಗಳಲ್ಲಿ ಇವೆ. ವಿಪ್ರೊದ ‘ವರ್ಕ್ ಇಂಟಿಗ್ರೇಟೆಡ್ ಲರ್ನಿಂಗ್ ಪ್ರೋಗ್ರಾಂ’ನಲ್ಲಿ ಕೆಲಸ ಮಾಡುತ್ತಲೇ ಕಂಪನಿಯ ಖರ್ಚಿನಲ್ಲಿ ಎಂಟೆಕ್ ಓದಬಹುದು. ಟಿಸಿಎಸ್‌ನಲ್ಲೂ ಇಂಥ ಪದವೀಧರರಿಗೆ ಬೇರೆಯೇ ನೇಮಕಾತಿ ಇದೆ. ಸಂಬಳ ಮಾತ್ರ ಅದೇ ಕಂಪನಿಯ ಬಿಇ ಹುಡುಗರಿಗಿಂತ ಕಡಿಮೆಯಿಂದ ಶುರುವಾಗುತ್ತದೆ. ನಾಲ್ಕೈದು ವರ್ಷ ಅನುಭವ ಆದ ಮೇಲೆ ಕೆಲಸ ಬದಲಾಯಿಸುವಾಗ ಡಿಗ್ರಿಗಿಂತ ಕೈಯಲ್ಲಿರುವ ಕೆಲಸವನ್ನೇ ಜಾಸ್ತಿ ಕೇಳುತ್ತಾರೆ. ಆದರೆ ಮೊದಲ ಕೆಲಸ ಸಿಗುವ ತನಕ ಬಿಸಿಎಯವರು ಸ್ವಲ್ಪ ಜಾಸ್ತಿ ಬೆವರು ಸುರಿಸಬೇಕು. ಇದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ.

ಅಡ್ಡಿಗಳು ಯಾವುವು? ಕೆಲವು ಕಂಪನಿಗಳ ಅರ್ಜಿಯಲ್ಲಿ ಬಿಇ ಅಥವಾ ಎಂಸಿಎ ಅಂತಲೇ ಇರುತ್ತದೆ, ಬರೀ ಬಿಸಿಎ ಸಾಲುವುದಿಲ್ಲ. ಗೇಟ್ ಪರೀಕ್ಷೆ ಬರೆಯಲು ಬಿಸಿಎಯವರಿಗೂ ಅವಕಾಶ ಇದೆ. ಆದರೆ ಆ ಅಂಕ ಹಿಡಿದು ನೇರ ಎಂಟೆಕ್‌ಗೆ ಅಥವಾ ಸಾರ್ವಜನಿಕ ಉದ್ದಿಮೆಗೆ ಹೋಗುವುದು ಸಾಮಾನ್ಯವಾಗಿ ಆಗುವುದಿಲ್ಲ. ಅಮೆರಿಕದ ಹಲವು ವಿಶ್ವವಿದ್ಯಾಲಯಗಳು ಎಂಎಸ್‌ಗೆ 16 ವರ್ಷದ ಓದು ಕೇಳುತ್ತವೆ. ಹನ್ನೆರಡು ಮತ್ತು ಮೂರು ಸೇರಿದರೆ ಹದಿನೈದೇ ಆಗುವುದು.

ಇವುಗಳಲ್ಲಿ ಹೆಚ್ಚಿನದಕ್ಕೆ ಉತ್ತರ ಎಂಸಿಎ. 2020ರಿಂದ ಅದು ಮೂರು ವರ್ಷದ ಬದಲು ಎರಡು ವರ್ಷ ಆಗಿದೆ. ಬಿಸಿಎ ಮೂರು, ಎಂಸಿಎ ಎರಡು, ಒಟ್ಟು ಐದು. ಬಿಇಗಿಂತ ಒಂದು ವರ್ಷ ಜಾಸ್ತಿ, ಕೈಗೆ ಬರುವುದು ಸ್ನಾತಕೋತ್ತರ ಪದವಿ. ಕರ್ನಾಟಕದ ಕಾಲೇಜುಗಳಿಗೆ ಕೆಇಎಯ ಪಿಜಿಸಿಇಟಿ, ಸುರತ್ಕಲ್‌ನ ಎನ್‌ಐಟಿಕೆಯಂಥ ರಾಷ್ಟ್ರೀಯ ತಾಂತ್ರಿಕ ಸಂಸ್ಥೆಗಳಿಗೆ ನಿಮ್ಸೆಟ್ ಪ್ರವೇಶ ಪರೀಕ್ಷೆ. ಈ ನಿಮ್ಸೆಟ್‌ನಲ್ಲಿ ಅರ್ಧಕ್ಕಿಂತ ಜಾಸ್ತಿ ಅಂಕ ಗಣಿತಕ್ಕೇ ಇದೆ. ಆದ್ದರಿಂದ ಬಿಸಿಎಗೆ ಹೋಗುವವರಿಗೆ ನನ್ನ ಒಂದೇ ಒತ್ತಾಯ: ಗಣಿತವನ್ನು ಪೂರ್ತಿ ಕೈಬಿಡಬೇಡಿ. ಕಾಮರ್ಸಿನಲ್ಲಿ ಬೇಸಿಕ್ ಮ್ಯಾಥ್ಸ್ ತಗೊಂಡವರು ಇಲ್ಲಿ ಒಂದು ಹೆಜ್ಜೆ ಮುಂದೆ ಇರುತ್ತಾರೆ.

ಬಿಎಸ್ಸಿ: ಯಾರೂ ನೋಡದ ದಾರಿ

ಪಿಎಂಸಿಎಸ್, ಅಂದರೆ ಫಿಸಿಕ್ಸ್, ಮ್ಯಾಥ್ಸ್, ಕಂಪ್ಯೂಟರ್ ಸೈನ್ಸ್. ನಮ್ಮ ಡಿಗ್ರಿ ಕಾಲೇಜುಗಳಲ್ಲಿ ಬಹಳ ವರ್ಷಗಳಿಂದ ಇರುವ ಜೋಡಿ ಇದು. ಗಣಿತ ಇಷ್ಟ, ಆದರೆ ಎಂಜಿನಿಯರಿಂಗ್ ಸೀಟು ಸಿಗಲಿಲ್ಲ ಅಥವಾ ಬೇಡ ಅನ್ನುವವರಿಗೆ ಬಿಸಿಎಗಿಂತ ಇದು ಒಳ್ಳೆಯದು ಅಂತ ನನ್ನ ಅನಿಸಿಕೆ. ಕಂಪ್ಯೂಟರ್ ವಿಷಯಗಳು ಬಿಸಿಎಯಷ್ಟು ಇರುವುದಿಲ್ಲ, ನಿಜ. ಆದರೆ ಮೂರು ವರ್ಷ ಗಣಿತ ಮಾಡಿದ ತಲೆ ಎಂಸಿಎಗೂ ಡೇಟಾ ಸೈನ್ಸಿಗೂ ಬೇಗ ಹೊಂದಿಕೊಳ್ಳುತ್ತದೆ. ಎಂಎಸ್ಸಿ ಮಾಡಿ ಕೆಸೆಟ್ ಅಥವಾ ನೆಟ್ ಅರ್ಹತಾ ಪರೀಕ್ಷೆ ಪಾಸಾದರೆ ಡಿಗ್ರಿ ಕಾಲೇಜಿನ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಅರ್ಜಿ ಹಾಕಬಹುದು. ಬಿಇಡಿ ಮಾಡಿದರೆ ಹೈಸ್ಕೂಲಿನ ಗಣಿತ ಮೇಷ್ಟ್ರಾಗಬಹುದು. ಐಟಿ ಒಂದೇ ಗುರಿಯಲ್ಲ ಅನ್ನುವ ಮನೆಗಳಿಗೆ ಇದು ದೊಡ್ಡ ಸಮಾಧಾನ, ಅಲ್ವಾ?

ಡಿಪ್ಲೊಮಾ ಮಾಡಿ ಬಿಇಗೆ

ಇದು ಎಸ್ಸೆಸ್ಸೆಲ್ಸಿ ಮುಗಿಸಿದವರಿಗೆ. ಪಾಲಿಟೆಕ್ನಿಕ್‌ನಲ್ಲಿ ಮೂರು ವರ್ಷ ಕಂಪ್ಯೂಟರ್ ಸೈನ್ಸ್ ಡಿಪ್ಲೊಮಾ, ಆಮೇಲೆ ಡಿಪ್ಲೊಮಾದವರ ಪ್ರವೇಶ ಪರೀಕ್ಷೆ ಡಿಸಿಇಟಿ ಬರೆದು ನೇರ ಬಿಇ ಎರಡನೇ ವರ್ಷಕ್ಕೆ. ಮೂರು ಮತ್ತು ಮೂರು ಆರು. ಪಿಯುಸಿ ಎರಡು, ಬಿಇ ನಾಲ್ಕು, ಅದೂ ಆರೇ. ಸಮಯ ಒಂದೇ, ಖರ್ಚು ಕಡಿಮೆ, ನಡುವೆ ಕೈಯಲ್ಲಿ ಒಂದು ಡಿಪ್ಲೊಮಾ. ಬಿಇಗೆ ಬಂದ ಮೊದಲ ವರ್ಷ ಗಣಿತ ಸುಸ್ತು ಮಾಡುತ್ತದೆ, ಲ್ಯಾಬಿನಲ್ಲಿ ಮಾತ್ರ ಇವರೇ ಬೇರೆಯವರಿಗೆ ಹೇಳಿಕೊಡುತ್ತಾರೆ.

ಜೆಇಇ ಬರೆದವರು ಮತ್ತು ಐಐಟಿ ಮದ್ರಾಸಿನ ಬಿಎಸ್

ಜೆಇಇ ಮೇನ್ ಚೆನ್ನಾಗಿ ಆಗಿದ್ದರೆ ಸುರತ್ಕಲ್ ಎನ್‌ಐಟಿಕೆಯ ಅರ್ಧ ಸೀಟು ಕರ್ನಾಟಕದವರಿಗೇ ಮೀಸಲು ಅನ್ನೋದು ನೆನಪಿರಲಿ. ಧಾರವಾಡ, ರಾಯಚೂರಿನ ಐಐಐಟಿಗಳಲ್ಲಿ ಈ ರಾಜ್ಯ ಕೋಟಾ ಇಲ್ಲ. ಜೆಇಇ ಅಡ್ವಾನ್ಸ್ಡ್ ಮಟ್ಟದವರಿಗೆ ಧಾರವಾಡದ ಐಐಟಿ ಇದೆ. ಬೆಂಗಳೂರಿನ ಐಐಎಸ್ಸಿ 2022ರಿಂದ ‘ಮ್ಯಾಥಮ್ಯಾಟಿಕ್ಸ್ ಅಂಡ್ ಕಂಪ್ಯೂಟಿಂಗ್’ ಬಿಟೆಕ್ ನಡೆಸುತ್ತಿದೆ. ಅಲ್ಲಿಗೆ ಹೋಗುವಷ್ಟು ರ‍್ಯಾಂಕು ಇರುವವರಿಗೆ ಈ ಬರಹದ ಅಗತ್ಯವೇ ಇಲ್ಲ.

ಆದರೆ ಐಐಟಿ ಮದ್ರಾಸ್ 2020ರಲ್ಲಿ ಶುರು ಮಾಡಿದ ಆನ್‌ಲೈನ್ ಡೇಟಾ ಸೈನ್ಸ್ ಡಿಗ್ರಿ ಎಲ್ಲರೂ ನೋಡಬೇಕಾದದ್ದು. ಜೆಇಇ ಬೇಡ, ವಯಸ್ಸಿನ ಮಿತಿ ಇಲ್ಲ. ನಾಲ್ಕು ವಾರದ ಪಾಠ ಕೇಳಿ, ವಾರ ವಾರದ ಅಸೈನ್‌ಮೆಂಟ್ ಮಾಡಿ, ಅರ್ಹತಾ ಪರೀಕ್ಷೆ ಪಾಸಾದರೆ ಪ್ರವೇಶ. ಪಾಠ ಆನ್‌ಲೈನ್, ಪರೀಕ್ಷೆ ಮಾತ್ರ ಕೇಂದ್ರಕ್ಕೆ ಹೋಗಿ ಬರೆಯಬೇಕು. ನಡುವೆ ಡಿಪ್ಲೊಮಾ ಅಥವಾ ಬಿಎಸ್ಸಿ ತಗೊಂಡು ಹೊರಬರಬಹುದು, ಮುಂದುವರಿದರೆ ನಾಲ್ಕು ವರ್ಷದ ಬಿಎಸ್. ಆದಾಯ ಕಡಿಮೆ ಇರುವವರಿಗೆ, ಪರಿಶಿಷ್ಟರಿಗೆ ಫೀಸಿನಲ್ಲಿ ದೊಡ್ಡ ರಿಯಾಯಿತಿ ಇದೆ. ಕೆಲವರು ಊರಿನ ಕಾಲೇಜಿನಲ್ಲಿ ಬಿಎಸ್ಸಿ ಮಾಡುತ್ತಾ ಇದನ್ನೂ ಓದುತ್ತಾರೆ. ಐಐಟಿ ಹೆಸರು ನೋಡಿ ಸುಲಭ ಅಂದುಕೊಂಡು ಸೇರಿ ಮೊದಲ ಹಂತದ ಗಣಿತ, ಸ್ಟ್ಯಾಟಿಸ್ಟಿಕ್ಸ್‌ನಲ್ಲೇ ನಿಂತವರೂ ಇದ್ದಾರೆ. ಯಾರೂ ಬೆನ್ನು ಹತ್ತದೆ ತಾನೇ ಕೂತು ಓದುವ ಅಭ್ಯಾಸ ಇಲ್ಲದ 18ರ ಹುಡುಗನಿಗೆ ಇದೊಂದನ್ನೇ ನಂಬಿಸಿ ಕೂರಿಸಬೇಡಿ.

ಕಾಲೇಜು ನೋಡುವಾಗ

‘ಅತಿ ಹೆಚ್ಚು ಪ್ಯಾಕೇಜ್ ಇಷ್ಟು ಲಕ್ಷ’ ಅನ್ನುವ ಫ್ಲೆಕ್ಸ್ ನೋಡಿ ಮರುಳಾಗಬೇಡಿ. ಅದು ಒಬ್ಬ ಹುಡುಗನ ಸಂಬಳ. ನಿಮ್ಮ ಬ್ರಾಂಚಿನಲ್ಲಿ ಎಷ್ಟು ಜನ ಓದುತ್ತಿದ್ದರು, ಅದರಲ್ಲಿ ಎಷ್ಟು ಜನರಿಗೆ ಕೆಲಸ ಸಿಕ್ಕಿತು, ಸಾಲಿನ ನಡುವೆ ನಿಂತ ಹುಡುಗನಿಗೆ ಎಷ್ಟು ಸಂಬಳ, ಇದನ್ನು ಕೇಳಿ. ಒಬ್ಬನಿಗೆ ಮೂರು ಆಫರ್ ಬಂದರೆ ಅದನ್ನು ಮೂರು ಅಂತ ಎಣಿಸುವ ಕಾಲೇಜುಗಳೂ ಇವೆ. ನ್ಯಾಕ್ ಮಾನ್ಯತೆ ಇಡೀ ಸಂಸ್ಥೆಗೆ, ಎನ್‌ಬಿಎ ಮಾನ್ಯತೆ ಒಂದೊಂದು ಕೋರ್ಸಿಗೆ. ಕಾಲೇಜಿಗೆ ಎನ್‌ಬಿಎ ಇದೆ ಅಂದರೆ ‘ಸಿಎಸ್‌ಗೆ ಇದೆಯಾ?’ ಅಂತ ಕೇಳಿ. ಸಿವಿಲ್‌ಗೆ ಇರಬಹುದು. ಸ್ವಾಯತ್ತ ಕಾಲೇಜಾದರೆ ಸಿಲಬಸ್ಸೂ ಪರೀಕ್ಷೆಯೂ ಅವರದೇ, ಡಿಗ್ರಿ ಮಾತ್ರ ವಿಟಿಯುನದು. ಒಳ್ಳೆಯ ಕಾಲೇಜಿನಲ್ಲಿ ಇದು ವರ, ಕೆಲವು ಕಡೆ ಅಂಕ ಹಂಚುವ ದಾರಿ.

ಕನ್ನಡ ಮಾಧ್ಯಮದಿಂದ ಬಂದವರ ವಿಷಯ ಒಂದು ಮಾತು. ಯಾವ ಡಿಗ್ರಿಗೆ ಹೋದರೂ ಮೊದಲ ಸೆಮಿಸ್ಟರಿನಲ್ಲಿ ಇಂಗ್ಲಿಷ್ ಕಾಡುತ್ತದೆ. ಕೋಡಿಂಗ್ ಕಾಡುವುದು ಅಷ್ಟಾಗಿ ಇಲ್ಲ. ಅಂಥ ಮಗುವಿಗೆ ಮನೆಯಿಂದ ದೂರದ, ದೊಡ್ಡ ಹೆಸರಿನ ಕಾಲೇಜಿಗಿಂತ ಹಾಸ್ಟೆಲಿನಲ್ಲಿ ಕನ್ನಡ ಮಾತಾಡುವ ಸೀನಿಯರುಗಳಿರುವ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು ಮೊದಲ ವರ್ಷ ದಾಟಿಸುತ್ತದೆ. ಪುಸ್ತಕ, ಹಳೆಯ ಪ್ರಶ್ನೆಪತ್ರಿಕೆ, ಲ್ಯಾಬ್ ರೆಕಾರ್ಡ್ ಎಲ್ಲ ಸೀನಿಯರುಗಳಿಂದಲೇ ಬರುವುದು.

ಕೆಇಎ ಆಪ್ಷನ್ ಎಂಟ್ರಿಯಲ್ಲಿ

ಆಪ್ಷನ್ ಎಂಟ್ರಿ ಅಂದರೆ ಬೇಕಾದ ಕಾಲೇಜು, ಬ್ರಾಂಚುಗಳನ್ನು ಸಾಲಾಗಿ ಪಟ್ಟಿ ಮಾಡುವುದು. ಇಷ್ಟವಾದ ಕಾಲೇಜನ್ನು ಮೇಲೆ ಹಾಕಿ. ಸಿಗುತ್ತದೋ ಇಲ್ಲವೋ ಅಂತ ಅಂಜಿ ಕೆಳಗೆ ಇಳಿಸಬೇಡಿ. ಮೇಲೆ ಬರೆದದ್ದು ಸಿಗದಿದ್ದರೆ ಕಂಪ್ಯೂಟರ್ ತಾನಾಗಿ ಮುಂದಿನದಕ್ಕೆ ಹೋಗುತ್ತದೆ, ನಿಮಗೆ ನಷ್ಟ ಇಲ್ಲ. ಸೇರಲು ಮನಸ್ಸೇ ಇಲ್ಲದ ಕಾಲೇಜನ್ನು ಮಾತ್ರ ಸುಮ್ನೆ ತುಂಬಿಸಬೇಡಿ. ಅಣಕು ಹಂಚಿಕೆ ಬಂದ ಮೇಲೆ ಪಟ್ಟಿಯನ್ನು ಮತ್ತೆ ತಿದ್ದಲು ಅವಕಾಶ ಕೊಡುತ್ತಾರೆ, ಆಗ ಅಪ್ಪ ಅಮ್ಮ ಮಗಳು ಒಟ್ಟಿಗೆ ಕೂತು ನೋಡಿ. ಸೀಟು ಬಂದ ಮೇಲೆ ಚಾಯ್ಸ್ 1 ಅಂದರೆ ಒಪ್ಪಿಕೊಂಡು ಸೇರುವುದು. ಚಾಯ್ಸ್ 2 ಅಂದರೆ ಇದು ಇರಲಿ, ಇನ್ನೂ ಒಳ್ಳೆಯದು ಸಿಕ್ಕರೆ ಅದು ಬೇಕು ಅನ್ನುವುದು. ಚಾಯ್ಸ್ 3ರಲ್ಲಿ ಕೈಯಲ್ಲಿರುವ ಸೀಟು ಹೋಗುತ್ತದೆ, ಮುಂದಿನ ಸುತ್ತು ಮಾತ್ರ ಉಳಿಯುತ್ತದೆ. ಚಾಯ್ಸ್ 4 ಪೂರ್ತಿ ಹೊರಗೆ. 2 ಮತ್ತು 3ರ ನಡುವೆ ಗೊಂದಲ ಮಾಡಿಕೊಂಡು ಸೀಟು ಕಳೆದುಕೊಂಡವರ ಕಥೆ ಪ್ರತಿ ವರ್ಷ ಕೇಳಿಬರುತ್ತದೆ. ಒತ್ತುವ ಮುಂಚೆ ಎರಡು ಸಲ ಓದಿ.

ಕಾಗದಪತ್ರವನ್ನು ಫಲಿತಾಂಶಕ್ಕೆ ಕಾಯದೆ ಈಗಲೇ ಮಾಡಿಸಿಕೊಳ್ಳಿ. ಒಂದರಿಂದ ಹತ್ತರವರೆಗೆ ಹಳ್ಳಿಯಲ್ಲಿ ಓದಿದ್ದರೆ ಶೇ 15 ಗ್ರಾಮೀಣ ಮೀಸಲಾತಿ, ಕನ್ನಡದಲ್ಲೇ ಓದಿದ್ದರೆ ಶೇ 5 ಕನ್ನಡ ಮಾಧ್ಯಮ ಮೀಸಲಾತಿ ಇದೆ. ಇವೆರಡಕ್ಕೂ ಶಾಲೆಯ ಪ್ರಮಾಣಪತ್ರ ಬೇಕು, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಸಹಿ ಆಗಬೇಕು. ಕಲ್ಯಾಣ ಕರ್ನಾಟಕದವರಿಗೆ 371ಜೆ ಪ್ರಮಾಣಪತ್ರ ಸಹಾಯಕ ಆಯುಕ್ತರ ಕಚೇರಿಯಿಂದ. ಅದಿದ್ದರೆ ಆ ಭಾಗದ ಕಾಲೇಜುಗಳಲ್ಲಿ ಶೇ 70, ಉಳಿದ ಕಡೆ ಶೇ 8 ಸೀಟುಗಳ ಪಾಲು ಸಿಗುತ್ತದೆ. ಮನೆಯ ವರಮಾನ ವರ್ಷಕ್ಕೆ 8 ಲಕ್ಷದ ಒಳಗಿದ್ದರೆ ಎಸ್‌ಎನ್‌ಕ್ಯೂ ಸೀಟನ್ನೂ (ನಿಗದಿತ ಸಂಖ್ಯೆಯ ಮೇಲೆ ಕೊಡುವ ಹೆಚ್ಚುವರಿ ಸೀಟು) ನೋಡಿ, ಅದರಲ್ಲಿ ಬೋಧನಾ ಶುಲ್ಕವೇ ಇರುವುದಿಲ್ಲ. ಜಾತಿ ಮತ್ತು ಆದಾಯ ಪತ್ರ ನಾಡಕಚೇರಿಯಲ್ಲಿ ಸಿಗುತ್ತದೆ. ಅದರ ಮೇಲಿನ ಆರ್‌ಡಿ ನಂಬರನ್ನು ಕೆಇಎ ಅರ್ಜಿಯಲ್ಲಿ ಹಾಕಬೇಕು. ಹೆಸರಿನ ಅಕ್ಷರ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇರುವ ಹಾಗೇ ಇದೆಯಾ ಅಂತ ಅಲ್ಲೇ ಕೌಂಟರ್ ಎದುರು ನಿಂತು ನೋಡಿಕೊಳ್ಳಿ.